ಗಾಡಿ ನಿಲ್ಸು ಅಂತ ಹೇಳೋರು ಯಾರು?

ಮೊನ್ನೆ ಆಫೀಸಿನ ಗೆಳೆಯನೊಬ್ಬ ಪಿಂಗ್ ಮಾಡಿದ. ಊರಿಂದ ಅಪ್ಪ ಅಮ್ಮ ಬರ್ತಾ ಇದ್ದಾರಂತೆ, ಅವರನ್ನ ಹೈವೇ ಒನ್‌ನಲ್ಲಿ ಕರ್ಕೊಂಡು ಹೋಗ್ಬೇಕಂತೆ. 'ನೀವು ಹೋದ್ವರ್ಷ ಹೋಗಿದ್ರಲ್ಲ, ಎಲ್ಲೆಲ್ಲಿ ನಿಲ್ಲಿಸಿದ್ರಿ ಅಂತ ಲಿಸ್ಟ್ ಇದ್ರೆ ಕಳ್ಸು ಮಾರಾಯ' ಅಂದ. ಲಿಸ್ಟ್ ಏನೋ ಇದೆ. ನಮ್ಮ ಭಾವ ಮಾಡಿದ ಎಕ್ಸೆಲ್ ಶೀಟು, ಮೂರು ಟ್ಯಾಬ್, ಬಣ್ಣ ಬಣ್ಣದ್ದು. ಆದ್ರೆ ಅದನ್ನ ಕಳಿಸೋಕೆ ಮನಸ್ಸು ಬರ್ಲಿಲ್ಲ. ಯಾಕೆ ಅಂತ ಚಾಟ್‌ನಲ್ಲಿ ಹೇಳೋಕೆ ಹೋದ್ರೆ ಮುಗಿಯೋದಿಲ್ಲ, ಅದಕ್ಕೇ ಇಲ್ಲಿ ಬರೀತಾ ಕೂತಿದೀನಿ.

ನನ್ನ ವಾದ ಇಷ್ಟು. ಸಮುದ್ರದ ಪಕ್ಕದ ರಸ್ತೆಯಲ್ಲಿ ಮನೆಮಂದಿಯನ್ನೆಲ್ಲಾ ಕೂರಿಸಿಕೊಂಡು ಹೋಗುವಾಗ ರಾತ್ರಿ ಮಲಗೋ ಜಾಗ ಒಂದು ಬುಕ್ ಆಗಿದ್ರೆ ಸಾಕು. ಎಲ್ಲಿ ನಿಲ್ಬೇಕು, ಎಷ್ಟು ಹೊತ್ತು ನಿಲ್ಬೇಕು ಅನ್ನೋದನ್ನ ಹಿಂದಿನ ಸೀಟಿನವರಿಗೆ ಬಿಟ್ಬಿಡಿ. ಅದ್ರಲ್ಲೂ ಹಿಂದಿನ ಸೀಟಲ್ಲಿ ಇರೋದು ಊರಿಂದ ಬಂದ ಅಪ್ಪ ಅಮ್ಮ ಆದ್ರೆ, ಇದು ಬರೀ ಮಜಾದ ವಿಷಯ ಅಲ್ಲ.

ನಾವು ಸಾಫ್ಟ್‌ವೇರಿನವರಿಗೆ ಒಂದು ರೋಗ ಇದೆ, ಮೂರು ದಿನದ ಪ್ರವಾಸವನ್ನೂ ರಿಲೀಸ್ ಪ್ಲ್ಯಾನ್ ಥರ ಮಾಡೋದು. ಭಾವನ ಶೀಟಿನಲ್ಲಿ 'ಹಾಫ್ ಮೂನ್ ಬೇ, 9:30ರಿಂದ 9:50', 'ಪಿಜನ್ ಪಾಯಿಂಟ್ ಲೈಟ್‌ಹೌಸ್, 10:20ರಿಂದ 10:40' ಅಂತ ಇತ್ತು. ಪಕ್ಕದ ಕಾಲಮ್ಮಿನಲ್ಲಿ ಪ್ರತಿ ಜಾಗಕ್ಕೂ ಇಂಟರ್ನೆಟ್ಟಲ್ಲಿ ಎಷ್ಟು ಸ್ಟಾರ್ ಕೊಟ್ಟಿದ್ದಾರೆ ಅನ್ನೋದೂ ಇತ್ತು. ಭಾವನ್ನ ನಾನು ಗೇಲಿ ಮಾಡ್ತಾ ಇಲ್ಲ. ನ್ಯೂಜೆರ್ಸಿಯಿಂದ ಹೆಂಡ್ತಿ ಮಗನ್ನ ಕರ್ಕೊಂಡು ಹಾರಿ ಬಂದಿದ್ದಾರೆ, ವರ್ಷಕ್ಕೆ ಸಿಗೋದೇ ಮೂರು ವಾರ ರಜೆ, ಅದರಲ್ಲಿ ನಾಲ್ಕು ದಿನ ಇದಕ್ಕೆ ಇಟ್ಟಿದ್ದಾರೆ. ಒಂದು ನಿಮಿಷವೂ ಹಾಳಾಗಬಾರದು ಅಂತ ಅನಿಸೋದು ಸಹಜ. ಆದ್ರೆ ಆ ಶೀಟಿನಲ್ಲಿ ಏಳು ಜನರ ಹೆಸರೂ ಇತ್ತು, ಯಾರಿಗೆ ಏನು ಇಷ್ಟ ಅನ್ನೋದಕ್ಕೆ ಮಾತ್ರ ಕಾಲಮ್ ಇರಲಿಲ್ಲ.

ಅಪ್ಪ ಅಮ್ಮನ ಮಟ್ಟಿಗೆ ಇದು ಯಾಕೆ ದೊಡ್ಡದು ಅಂದ್ರೆ, ಇಲ್ಲಿಗೆ ಬಂದ ಆ ಆರು ತಿಂಗಳು ಅವರ ಕೈಯಲ್ಲಿ ಏನೂ ಇರೋದಿಲ್ಲ ನೋಡಿ. ಅಪ್ಪ ಸಾಗರದಲ್ಲಿ ರಿಟೈರ್ಡ್ ಮೇಷ್ಟ್ರು. ಬೆಳಿಗ್ಗೆ ತರಕಾರಿ ತರ್ತೀನಿ ಅಂತ ಹೊರಟ್ರೆ ಮಾರ್ಕೆಟ್ಟು ರಸ್ತೆಯಲ್ಲಿ ನಲವತ್ತು ಜನರನ್ನ ಮಾತಾಡಿಸಿ ಹನ್ನೊಂದು ಗಂಟೆಗೆ ಬರೋ ಆಸಾಮಿ. ಇಲ್ಲಿ ಸನ್ನಿವೇಲ್‌ನ ಎರಡನೇ ಮಹಡಿಯಲ್ಲಿ ಕಿಟಕಿ ಪಕ್ಕ ಕೂತು ಪಾರ್ಕಿಂಗ್ ಲಾಟಿನ ಕಾರು ಎಣಿಸ್ತಾರೆ. ಹಾಲು ಮುಗಿದ್ರೆ ನಾವು ಬರೋ ತನಕ ಕಾಯ್ಬೇಕು. ದೇವಸ್ಥಾನಕ್ಕೆ ಹೋಗೋಕೆ ಶನಿವಾರ ಬರ್ಬೇಕು. ಡಾಲರ್ ಖರ್ಚು ಮಾಡೋಕೆ ಎಪ್ಪತ್ತೆಂಟು ಸಲ ಯೋಚನೆ. 'ನಿಮಗೆ ಏನ್ ಬೇಕು ಅಪ್ಪಾ' ಅಂದ್ರೆ ಉತ್ತರ ನಿಮಗೂ ಗೊತ್ತು: 'ನಮಗೇನು ಬೇಕು, ನೀವು ಹೆಂಗೆ ಹೇಳ್ತೀರೋ ಹಂಗೆ.' ಇದನ್ನ ಒಪ್ಪಿಗೆ ಅಂತ ತಿಳ್ಕೊಂಡು ನಾವು ಅವರ ದಿನಗಳನ್ನೆಲ್ಲಾ ತುಂಬಿಸ್ತಾ ಹೋಗ್ತೀವಿ. ಗೋಲ್ಡನ್ ಗೇಟ್ ಆಯ್ತು, ಯೋಸೆಮಿಟಿ ಆಯ್ತು, ಲಾಸ್ ವೇಗಸ್ ಆಯ್ತು, ಟಿಕ್, ಟಿಕ್, ಟಿಕ್.

ಇಂಥವರಿಗೆ 'ಇಲ್ಲಿ ನಿಲ್ಸು' ಅಂತ ಹೇಳಿ, ಗಾಡಿ ನಿಜವಾಗ್ಲೂ ನಿಂತ್ರೆ ಏನಾಗತ್ತೆ ಅನ್ನೋದನ್ನ ನೋಡ್ಬೇಕು ನೀವು.

ಆದ್ರೆ ಅವರು ಹಾಗೆ ಹೇಳೋದೇ ಇಲ್ಲ, ಅದೇ ತೊಂದರೆ. ಅಮ್ಮನ ಕಥೆ ಕೇಳಿ. ಹಾಫ್ ಮೂನ್ ಬೇ ದಾಟಿ ಒಂದು ಗಂಟೆ ಆಗಿತ್ತು, ನನ್ನ ಹೆಂಡ್ತಿ ಮೆಲ್ಲಗೆ ಹೇಳಿದ್ಲು, 'ಅತ್ತೆ ಬೆಳಿಗ್ಗೆ ಕಾಫಿ ಆದ್ಮೇಲೆ ಒಂದು ಗುಟುಕು ನೀರೂ ಕುಡಿದಿಲ್ಲ.' ಕೇಳಿದ್ರೆ ಅಮ್ಮ 'ಬಾಯಾರಿಕೆ ಇಲ್ಲ ಕಣೇ' ಅಂದ್ರು. ಬಾಯಾರಿಕೆ ಇಲ್ಲದೇ ಅಲ್ಲ. ಸಾಗರದಿಂದ ಬೆಂಗಳೂರಿಗೆ ರಾತ್ರಿ ಬಸ್ಸಿಗೆ ಹೊರಡೋ ದಿನ ಅಮ್ಮ ಮಧ್ಯಾಹ್ನ ನಾಲ್ಕಕ್ಕೇ ನೀರು ನಿಲ್ಲಿಸ್ತಿದ್ರು, ಅದನ್ನ ನಾನು ಚಿಕ್ಕಂದಿನಿಂದ ನೋಡಿದೀನಿ. ದೊಡ್ಡಮ್ಮನೂ ಹಾಗೇ, ಅಜ್ಜಿಯೂ ಹಾಗೇ. ನಮ್ಮಲ್ಲಿ ಒಂದಿಡೀ ತಲೆಮಾರಿನ ಹೆಂಗಸರು ಡ್ರೈವರ್ ಹತ್ರ 'ಸ್ವಲ್ಪ ನಿಲ್ಸಪ್ಪ' ಅನ್ನೋ ಎರಡು ಪದ ಹೇಳೋ ಸಂಕೋಚಕ್ಕೆ ಇಡೀ ಪ್ರಯಾಣ ಬಾಯಿ ಒಣಗಿಸಿಕೊಂಡು ಕೂತಿದ್ದಾರೆ. ಈಗ ಡ್ರೈವರ್ ಮಗನೇ ಆಗಿದ್ರೂ, ಮುಂದಿನ ಸೀಟಿನಲ್ಲಿ ಅಳಿಯ ಕೂತು ಪ್ರತಿ ಹತ್ತು ನಿಮಿಷಕ್ಕೆ 'ಶೆಡ್ಯೂಲ್‌ಗಿಂತ ಹನ್ನೆರಡು ನಿಮಿಷ ಲೇಟು' ಅಂತ ಓದ್ತಾ ಇದ್ರೆ ಯಾವ ಅತ್ತೆ ಬಾಯಿ ಬಿಡ್ತಾರೆ ಹೇಳಿ!

ಹಾಗಾಗಿ ಗಾಡಿ ಓಡಿಸೋನಿಗೆ ನಾನು ಹೇಳೋದು ಇಷ್ಟೇ. ಅವರು ಕೇಳ್ಲಿ ಅಂತ ಕಾಯಬೇಡಿ. ಸುಮ್ಮನೆ ನಿಲ್ಲಿಸ್ತಾ ಹೋಗಿ. 'ನಂಗೆ ಬೆನ್ನು ನೋವು', 'ಇಲ್ಲಿ ಫೋಟೋ ತೆಗಿಬೇಕು', 'ಟೈರ್ ನೋಡ್ಬೇಕು', ಏನಾದ್ರೂ ನೆಪ ಹೇಳಿ. ಮೂರನೇ ಸಲಕ್ಕೋ ನಾಲ್ಕನೇ ಸಲಕ್ಕೋ ಅವರಿಗೆ ಧೈರ್ಯ ಬರತ್ತೆ. ಇಲ್ಲಿನ ಸ್ಟೇಟ್ ಬೀಚುಗಳಲ್ಲಿ ಪಾರ್ಕಿಂಗ್ ಪಕ್ಕವೇ ಟಾಯ್ಲೆಟ್ ಇರೋದು ಹೆಚ್ಚು, ಅದು ದೊಡ್ಡ ಪುಣ್ಯ. ಎರಡನೇ ಬೀಚಿನ ನಂತರ ಅಮ್ಮ ತಾನಾಗೇ ಬ್ಯಾಗಿಂದ ಬಾಟಲಿ ತೆಗೆದು ಅರ್ಧ ಖಾಲಿ ಮಾಡಿದ್ರು. ಆ ಮೂರು ದಿನದಲ್ಲಿ ನಂಗೆ ಅತ್ಯಂತ ಸಮಾಧಾನ ಕೊಟ್ಟ ದೃಶ್ಯ ಅದು, ಪೆಸಿಫಿಕ್ ಸಾಗರ ಆಮೇಲೆ.

ಧೈರ್ಯ ಬಂದ ಮೇಲೆ ಮೊದಲು ಬಾಯಿ ಬಿಟ್ಟಿದ್ದು ಅಪ್ಪ. ಪಿಜನ್ ಪಾಯಿಂಟಿನ ಲೈಟ್‌ಹೌಸ್ ನೋಡಿ (1872ರದ್ದು, 115 ಅಡಿ ಎತ್ತರ, ಶೀಟಿನ ಪ್ರಕಾರ 20 ನಿಮಿಷ, ಚಳಿಗಾಳಿಯ ಪ್ರಕಾರ 6 ನಿಮಿಷ) ಮುಂದೆ ಡೇವನ್‌ಪೋರ್ಟ್ ಕಡೆ ಬರ್ತಾ ಇದ್ವಿ. ರಸ್ತೆ ಪಕ್ಕ ಸ್ಟ್ರಾಬೆರಿ ಗದ್ದೆ, ಮಾರೋಕೆ ಒಂದು ಸಣ್ಣ ಶೆಡ್ಡು. 'ಅಲ್ಲಿ ಯಾರೋ ಕೃಷಿ ಮಾಡ್ತಾರೆ ಕಾಣತ್ತೆ, ನೋಡ್ಬಹುದಾ?' ಅಂದ್ರು. ಆ 'ನೋಡ್ಬಹುದಾ' ಕೇಳಿ ನಾನು ಇಂಡಿಕೇಟರ್ ಹಾಕಿದ್ದಷ್ಟೇ, ಭಾವನ ಮುಖ ನೋಡ್ಲಿಲ್ಲ. ಒಳಗೆ ಹೋದ್ರೆ ಗಲ್ಲಾದಲ್ಲಿ ಜನವೇ ಇಲ್ಲ. ದುಡ್ಡಿನ ಪೆಟ್ಟಿಗೆ ತೆರೆದೇ ಇಟ್ಟಿದ್ದಾರೆ, ತಗೊಂಡದ್ದಕ್ಕೆ ನೀವೇ ಲೆಕ್ಕ ಹಾಕಿ ದುಡ್ಡು ಹಾಕಿ, ಚಿಲ್ಲರೆ ನೀವೇ ತಗೊಳ್ಳಿ. ಅಪ್ಪ ಎರಡು ಸಲ ಕೂಡಿಸಿ, ಮೊಮ್ಮಗನ ಕೈಲಿ ಮೂರನೇ ಸಲ ಕೂಡಿಸಿ, ಪೆಟ್ಟಿಗೆಗೆ ದುಡ್ಡು ಹಾಕಿಸಿದ್ರು. ಆರು ವರ್ಷದ ಆ ಪೋರ ಅವತ್ತಿಂದ ಇವತ್ತಿನವರೆಗೂ ಗೋಲ್ಡನ್ ಗೇಟ್ ವಿಷಯ ಎತ್ತಿಲ್ಲ, 'ಅಜ್ಜ, ದಟ್ ಶಾಪ್ ವಿತ್ ನೋಬಡಿ' ಅಂತ ಮಾತ್ರ ಫೋನಲ್ಲಿ ನೆನಪು ಮಾಡ್ತಾನೆ. ಯಾವ ಶೀಟಿನಲ್ಲೂ ಇರದ ಜಾಗ ಅದು.

ಎರಡನೇ ದಿನ ಮಾಂಟೆರೆಯಿಂದ ಬಿಗ್ ಸರ್ ಕಡೆ. ಇದು 2025ರ ಜೂನ್. ಗುಡ್ಡ ಕುಸಿದು ಬಿಗ್ ಸರ್‌ನ ದಕ್ಷಿಣದಲ್ಲಿ ಒಂದಷ್ಟು ಮೈಲಿ ರಸ್ತೆ 2024ರಿಂದ ಮುಚ್ಚಿತ್ತು, ಆಗಿನ್ನೂ ತೆರೆದಿರಲಿಲ್ಲ. ಹಾಗಾಗಿ ಮೆಕ್‌ವೇ ಜಲಪಾತದ ತನಕ ಹೋಗಿ ಅದೇ ದಾರಿಯಲ್ಲಿ ವಾಪಸ್ ಬರೋದು ಅಂತ ಲೆಕ್ಕ. ಜೂನ್ ತಿಂಗಳಲ್ಲಿ ಈ ಕರಾವಳಿಗೆ ಹೋದವರಿಗೆ ಗೊತ್ತು, ಬೆಳಿಗ್ಗೆ ಹೊತ್ತು ಸಮುದ್ರದಿಂದ ಎದ್ದ ಮಂಜು ರಸ್ತೆ ತನಕ ಮುಚ್ಚಿಬಿಟ್ಟಿರತ್ತೆ. ಫೋಟೋದಲ್ಲಿ ಕಾಣೋ ನೀಲಿ ಎಲ್ಲೂ ಇಲ್ಲ. ಭಾವನಿಗೆ ಚಡಪಡಿಕೆ. ಬಿಕ್ಸ್‌ಬಿ ಸೇತುವೆ ಹತ್ರ ಹೋದ್ರೆ ಸೇತುವೆಯ ಅರ್ಧ ಮಂಜಲ್ಲಿ. 1932ರಲ್ಲಿ ಕಟ್ಟಿದ, ಕಣಿವೆಯಿಂದ 260 ಅಡಿಗೂ ಮೇಲಿರೋ ಕಾಂಕ್ರೀಟ್ ಕಮಾನು ಅದು. ನಮಗೆ ಕಂಡಿದ್ದು ಅದರ ಕೈಕಟ್ಟೆ. ಜೊತೆಗೆ ನಿಲ್ಲಿಸೋಕೆ ಜಾಗ ಇಲ್ಲದಷ್ಟು ಕಾರು. ಮುಂದೆ ಹೋಗೋಣ ಅಂತ ಹೋದ್ವಿ. ಸುಮಾರು ದೂರ ಹೋದ್ಮೇಲೆ ಬಲಗಡೆ ಹೆಸರಿಲ್ಲದ ಒಂದು ಟರ್ನ್‌ಔಟು, ಮಣ್ಣಿನ ಜಾಗ, ನಾಲ್ಕು ಕಾರು ನಿಲ್ಲಬಹುದು ಅಷ್ಟೇ. ಅಮ್ಮ ಹಿಂದಿನಿಂದ, 'ಇಲ್ಲೇ ಊಟ ಮಾಡ್ಬಿಡಣ' ಅಂದ್ರು. ಗಂಟೆ ಹನ್ನೊಂದೂವರೆ!

ನಿಲ್ಲಿಸಿದೆ. ಹಿಂದಿನ ಬಾಗಿಲು ಮೇಲೆತ್ತಿ ಅದರ ಅಡಿಯಲ್ಲೇ ಚಿತ್ರಾನ್ನ, ಮೊಸರನ್ನ, ಮಾವಿನಮಿಡಿ ಉಪ್ಪಿನಕಾಯಿ. ಕೆಳಗೆಲ್ಲೋ ಅಲೆ ಬಡಿಯೋ ಸದ್ದು ಮಾತ್ರ, ನೀರು ಕಾಣೋದಿಲ್ಲ. 'ಆಗುಂಬೆ ಥರ ಇದೆ' ಅಂದ್ಲು ಅಕ್ಕ. ಅಪ್ಪ, ಮಂಕಿ ಕ್ಯಾಪ್ ಹಾಕ್ಕೊಂಡು ತಟ್ಟೆ ಹಿಡ್ಕೊಂಡು ಮಂಜನ್ನೇ ನೋಡ್ತಾ ಇದ್ದೋರು, 'ಆಗುಂಬೆ ಅಲ್ಲ, ಹೊಳೆಬಾಗಿಲು' ಅಂದ್ರು.

ಹೊಳೆಬಾಗಿಲು ಗೊತ್ತಿಲ್ಲದವರಿಗೆ: ಸಾಗರದಿಂದ ಸಿಗಂದೂರಿಗೆ, ತುಮರಿಗೆ ಹೋಗೋ ದಾರಿಯಲ್ಲಿ ಲಿಂಗನಮಕ್ಕಿ ಹಿನ್ನೀರು ಅಡ್ಡ ಬರತ್ತೆ. ಅಲ್ಲಿಂದ ಆಚೆ ದಡದ ಕಳಸವಳ್ಳಿಗೆ ಲಾಂಚಿನಲ್ಲಿ ದಾಟ್ಬೇಕಿತ್ತು. ಬಸ್ಸು, ಕಾರು, ಬೈಕು, ಜನ ಎಲ್ಲಾ ಅದರಲ್ಲೇ. ಅಪ್ಪ ಕೆಲಸಕ್ಕೆ ಸೇರಿದ ಹೊಸತರಲ್ಲಿ ತುಮರಿ ಕಡೆ ಹೈಸ್ಕೂಲಲ್ಲಿದ್ರು, ಅದು ನಮಗೆ ಗೊತ್ತು. ಗೊತ್ತಿಲ್ಲದ್ದು ಅವತ್ತು ಹೇಳಿದ್ರು. ಅಕ್ಕ ಹುಟ್ಟಿದ ದಿನ ಅಪ್ಪ ಆಚೆ ದಡದಲ್ಲಿದ್ರಂತೆ. ಮಳೆಗಾಲ. ಸಾಗರದಲ್ಲಿ ಅಮ್ಮನಿಗೆ ನೋವು ಶುರುವಾದ ಸುದ್ದಿ ಬಸ್ಸಿನ ಕಂಡಕ್ಟರ್ ಬಾಯಿಂದ ಸಂಜೆ ತಲುಪಿದೆ. ಓಡಿ ದಡಕ್ಕೆ ಬಂದ್ರೆ ಕೊನೇ ಲಾಂಚ್ ಹೋಗಿ ಆಗಿದೆ. ರಾತ್ರಿ ಇಡೀ ದಡದ ಚಾ ಅಂಗಡಿ ಬೆಂಚಿನ ಮೇಲೆ. ಆಚೆ ದಡದ ದೀಪ ಒಂದೊಂದ್ಸಲ ಕಾಣತ್ತೆ, ಮಂಜು ಬಂದ್ರೆ ಅದೂ ಇಲ್ಲ. 'ಗಂಡೋ ಹೆಣ್ಣೋ ಅಂತಲ್ಲ, ಇದಾರೋ ಇಲ್ವೋ ಅಂತ' ಅಂದ್ರು ಅಪ್ಪ, ಉಪ್ಪಿನಕಾಯಿ ನೆಕ್ಕುತ್ತಾ, ಬೇರೆ ಯಾರದ್ದೋ ಕಥೆ ಹೇಳೋ ಹಾಗೆ.

'ಹೂಂ, ಬಂದಿದ್ದು ಮಾರನೇ ದಿನ ಮಧ್ಯಾಹ್ನ. ಬಂದೋರು ಮೊದ್ಲು ಕೇಳಿದ್ದು ಊಟ ಇದೆಯಾ ಅಂತ' ಅಂದ್ರು ಅಮ್ಮ.

ನಾವೆಲ್ಲಾ ನಕ್ವಿ. ಅಕ್ಕ ನಗಲಿಲ್ಲ. ಮೂವತ್ನಾಲ್ಕು ವರ್ಷಕ್ಕೆ ಮೊದಲ ಸಲ ಕೇಳ್ತಾ ಇದ್ಲು. ಎದ್ದು ಹೋಗಿ ಅಪ್ಪನ ಪಕ್ಕ ನಿಂತ್ಲು, ಇಬ್ಬರೂ ಏನೂ ಕಾಣದ ಕಡೆ ನೋಡ್ತಾ ಇದ್ರು. ಆ ಜಾಗದಲ್ಲಿ ಒಂದು ಗಂಟೆ ಹತ್ತು ನಿಮಿಷ ಇದ್ವಿ. ಇಷ್ಟು ಖಚಿತವಾಗಿ ಹೇಗೆ ಗೊತ್ತು ಅಂದ್ರೆ ಭಾವನ ಶೀಟಿನಲ್ಲಿ ಆಮೇಲೆ ಎಂಟ್ರಿ ಇದೆ. ಅವರೂ ಆ ಹೊತ್ತಿನಲ್ಲಿ ಒಮ್ಮೆಯೂ ಗಡಿಯಾರ ನೋಡಲಿಲ್ಲ, ಅದನ್ನ ಇಲ್ಲಿ ಬರೀಲೇಬೇಕು.

ಒಂದು ತಿಂಗಳಾದ ಮೇಲೆ, 2025ರ ಜುಲೈ 14ಕ್ಕೆ, ಸಿಗಂದೂರು ಸೇತುವೆ ಉದ್ಘಾಟನೆ ಆಯ್ತು. ಅಪ್ಪ ಸನ್ನಿವೇಲ್‌ನಲ್ಲೇ ಕೂತು ಯೂಟ್ಯೂಬಿನಲ್ಲಿ ನೋಡಿದ್ರು. ಒಂದು ಮಾತೂ ಆಡಲಿಲ್ಲ, ಇನ್ನೊಂದ್ಸಲ ಹಾಕು ಅಂದ್ರು.

ಈಗ ನೀವು ಕೇಳಬಹುದು, ಕಥೆ ಹೇಳೋದಕ್ಕೆ ಬಿಗ್ ಸರ್ ತನಕ ಹೋಗಬೇಕಾ, ಮನೆ ಸೋಫಾ ಸಾಲದಾ ಅಂತ. ಸಾಲದು ಅನ್ನೋದೇ ನನ್ನ ಅನಿಸಿಕೆ. ಮನೆಯಲ್ಲಿ ಟಿವಿ ಇದೆ, ವೈಫೈ ಇದೆ, ನಮ್ಮ ಮೀಟಿಂಗ್ ಇದೆ. ಕಾರ್ಮೆಲ್ ದಾಟಿ ಸ್ವಲ್ಪ ಹೋದ್ರೆ ಫೋನಿನ ಸಿಗ್ನಲ್ಲೇ ಸತ್ತು ಹೋಗತ್ತೆ, ಯಾರ ಕೈಯಲ್ಲೂ ಏನೂ ಉಳಿಯೋದಿಲ್ಲ. ಲಿಸ್ಟಿನಲ್ಲಿರೋ ಜಾಗಕ್ಕೆ ಹೋದ್ರೆ ಎಲ್ಲರೂ ಆ ಜಾಗವನ್ನ ನೋಡ್ಬೇಕು, ಹೊಗಳ್ಬೇಕು, ಸಾಲಾಗಿ ನಿಂತು ಫೋಟೋ ತೆಗೆಸ್ಕೋಬೇಕು. ಹೆಸರಿಲ್ಲದ ಜಾಗದಲ್ಲಿ ಅಂಥ ಕರ್ತವ್ಯ ಯಾವುದೂ ಇಲ್ಲ. ಏನೂ ಇಲ್ಲದ ಕಡೆ ಅಪ್ಪಂದಿರು ಮಾತಾಡ್ತಾರೆ.

ಹೀಗೆ ಸಿಕ್ಕ ಸಿಕ್ಕ ಕಡೆ ನಿಲ್ಲೋಕೆ ಆಗೋದೂ ತಾನಾಗೇ ಆಗಿದ್ದಲ್ಲ. ಈ ವಿಷಯ ನಮ್ಮ ದೇಸಿ ಜನಕ್ಕೆ ಅಷ್ಟಾಗಿ ಗೊತ್ತಿಲ್ಲ, ಹಾಗಾಗಿ ಸ್ವಲ್ಪ ಕೊರೀತೀನಿ, ಸಹಿಸ್ಕೊಳ್ಳಿ. ಕ್ಯಾಲಿಫೋರ್ನಿಯಾದಲ್ಲಿ ಉಬ್ಬರದ ಸರಾಸರಿ ಗೆರೆಯಿಂದ ಕೆಳಗಿನ ಒದ್ದೆ ಮರಳು ಸಾರ್ವಜನಿಕರದ್ದು, ಪಕ್ಕದ ಬಂಗಲೆ ಯಾರದ್ದೇ ಇರ್ಲಿ. ಆದ್ರೆ ಮರಳು ನಮ್ಮದಾದ್ರೆ ಸಾಕೇ, ಅಲ್ಲಿಗೆ ಹೋಗೋ ದಾರಿ ಬೇಡವೇ? 1960ರ ದಶಕದಲ್ಲಿ ಸೊನೋಮ ಕೌಂಟಿಯಲ್ಲಿ ಸೀ ರಾಂಚ್ ಅನ್ನೋ ಬಡಾವಣೆ ಮೈಲಿಗಟ್ಟಲೆ ತೀರವನ್ನ ಮುಚ್ಚೋಕೆ ಹೊರಟಾಗ ಜನ ಎದ್ದು ನಿಂತ್ರು. 1972ರಲ್ಲಿ ಪ್ರೊಪೊಸಿಷನ್ 20 ಅಂತ ಜನರ ವೋಟಿನಿಂದಲೇ ಕೋಸ್ಟಲ್ ಕಮಿಷನ್ ಹುಟ್ತು, 1976ರಲ್ಲಿ ಕೋಸ್ಟಲ್ ಆಕ್ಟ್ ಬಂತು. ಆ ಕಾಯಿದೆಯಲ್ಲೇ ಒಂದು ಮಾತಿದೆ. ಹಳ್ಳಿಗಾಡಿನ ಕರಾವಳಿಯಲ್ಲಿ ಹೈವೇ ಒನ್ ಎರಡೇ ಲೇನಿನ ರಸ್ತೆಯಾಗಿ, ನೋಡೋಕೆ ಚೆಂದದ ರಸ್ತೆಯಾಗಿ ಉಳೀಬೇಕು ಅನ್ನೋದು ಶಾಸನಸಭೆಯ ಉದ್ದೇಶ ಅಂತ. ಅಂದ್ರೆ ಈ ರಸ್ತೆ ನಿಧಾನ ಇರೋದು ಕಾನೂನಿನ ಪ್ರಕಾರ! ಇದನ್ನ ಭಾವನಿಗೆ ಹೇಳ್ದಾಗ ಅವರ ಮುಖ ನೋಡ್ಬೇಕಿತ್ತು :)

ಈ ಜಗಳ ಮುಗಿದಿಲ್ಲ ಅನ್ನೋದೂ ನಿಜ. ಹಾಫ್ ಮೂನ್ ಬೇಯ ದಕ್ಷಿಣಕ್ಕೆ ಮಾರ್ಟಿನ್ಸ್ ಬೀಚ್ ಅಂತ ಇದೆ. ಅಲ್ಲಿಗೆ ಇಳಿಯೋ ದಾರಿ ಇರೋ ಜಮೀನನ್ನ 2008ರಲ್ಲಿ ಕೊಂಡವರು ನಮ್ಮ ಸಿಲಿಕಾನ್ ವ್ಯಾಲಿಯ ವಿನೋದ್ ಖೋಸ್ಲಾ. ಆಮೇಲೆ ಗೇಟು ಬಿತ್ತು, ಕೋರ್ಟು ಕೇಸು ಶುರುವಾಯ್ತು, 2018ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಅವರ ಮೇಲ್ಮನವಿ ಕೈಗೆತ್ತಿಕೊಳ್ಳೋದಿಲ್ಲ ಅಂತು. ಇಂಡಿಯಾದಿಂದ ಬಂದು ಇಷ್ಟೆಲ್ಲಾ ಸಾಧಿಸಿದೋರ ಹೆಸರು ಬೀಚಿನ ಗೇಟಿನ ಸುದ್ದಿಯಲ್ಲಿ ಬರೋದು ನಂಗಂತೂ ಇಷ್ಟ ಆಗಿಲ್ಲ. ಮುಂಚೆ ಪಾರ್ಕಿಂಗಿಗೆ ಚಿಲ್ಲರೆ ಕೊಟ್ಟು ಮಕ್ಕಳನ್ನ ಕರ್ಕೊಂಡು ಅಲ್ಲಿಗೆ ಇಳೀತಿದ್ದ ಸಂಸಾರಗಳು ಏನು ಪಾಪ ಮಾಡಿದ್ವು?

ಸಿಕ್ಕಲ್ಲಿ ನಿಲ್ಲೋದು ಅಂದ್ರೆ ಎಲ್ಲೆಂದರಲ್ಲಿ ಬ್ರೇಕ್ ಹಾಕೋದು ಅಲ್ಲ, ಅದೂ ಹೇಳ್ಬಿಡ್ತೀನಿ. ಬಿಕ್ಸ್‌ಬಿ ಹತ್ರ ನೋಡಿದೀನಿ, ಅರ್ಧ ಕಾರು ರಸ್ತೆ ಮೇಲೆ ಬಿಟ್ಟು ಸೆಲ್ಫಿಗೆ ಓಡೋರನ್ನ. ಬಿಗ್ ಸರ್‌ನಲ್ಲಿ ವಾಸ ಇರೋರು ಕೆಲಸಕ್ಕೆ ಹೋಗ್ಬೇಕು, ಆಂಬುಲೆನ್ಸು ಓಡಾಡ್ಬೇಕು, ಇರೋದು ಅದೊಂದೇ ರಸ್ತೆ. ನಾಲ್ಕೂ ಚಕ್ರ ಬಿಳಿ ಗೆರೆಯಿಂದ ಆಚೆ ಇರ್ಬೇಕು. ನಿಧಾನ ಹೋಗೋರ ಹಿಂದೆ ಐದು ಗಾಡಿ ಸಾಲುಗಟ್ಟಿದ್ರೆ ಟರ್ನ್‌ಔಟಿಗೆ ಸರಿದು ದಾರಿ ಬಿಡ್ಬೇಕು ಅನ್ನೋದು ಇಲ್ಲಿ ಕಾನೂನೂ ಹೌದು. ನಂಗೆ ಆ ಕಾನೂನು ಭಾರೀ ಇಷ್ಟ. ದಾರಿ ಬಿಡೋ ನೆಪದಲ್ಲಿ ಸರಿದು ಹತ್ತು ನಿಮಿಷ ಸಮುದ್ರ ನೋಡಿದ್ದು ಲೆಕ್ಕವೇ ಇಲ್ಲ. ಇನ್ನೊಂದು, ಗೆಳೆಯ ಕೇಳಿದ್ದಕ್ಕೆ ನಾನು ಕೊಡೋ ಒಂದೇ ಟಿಪ್: ಉತ್ತರದಿಂದ ದಕ್ಷಿಣಕ್ಕೆ ಹೋಗು. ಇಲ್ಲಿ ಬಲಗಡೆ ಡ್ರೈವಿಂಗ್, ದಕ್ಷಿಣಕ್ಕೆ ಹೋದ್ರೆ ಸಮುದ್ರವೂ ಬಲಗಡೆ. ಮನಸ್ಸಾದ ತಕ್ಷಣ ಸರೀಬಹುದು. ವಾಪಸ್ ಬರುವಾಗ ಎದುರಿನ ಲೇನ್ ಅಡ್ಡ ಹಾಯ್ದು, ತಿರುವಿನಲ್ಲಿ ಯಾರು ಬರ್ತಾರೋ ಗೊತ್ತಿಲ್ಲದೆ... ಬೇಡ. ನಾವು ಹೋಗುವಾಗ ಒಂಬತ್ತು ಕಡೆ ನಿಂತ್ವಿ, ಬರುವಾಗ ಒಂದೇ ಕಡೆ. ಹೋಗೋ ಮುಂಚೆ ರಸ್ತೆ ತೆರೆದಿದೆಯಾ ಅಂತ ಕ್ಯಾಲ್‌ಟ್ರಾನ್ಸ್ ಪುಟ ನೋಡ್ಕೊಳ್ಳಿ. 1937ರಲ್ಲಿ ಈ ರಸ್ತೆ ತೆರೆದಾಗಿನಿಂದ ಗುಡ್ಡ ಜಾರೋದು ನಿಂತಿಲ್ಲ. 2017ರ ಮೇ ತಿಂಗಳಲ್ಲಿ ಮಡ್ ಕ್ರೀಕ್ ಹತ್ರ ಕಾಲು ಮೈಲಿ ರಸ್ತೆ ಮಣ್ಣಿನಡಿ ಹೋಗಿ, ಮತ್ತೆ ತೆರೆದದ್ದು 2018ರ ಜುಲೈನಲ್ಲಿ. ಮಿನಿಟ್ ಟು ಮಿನಿಟ್ ಪ್ಲ್ಯಾನ್ ಮಾಡೋರಿಗೆ ಹೇಳಿ ಮಾಡಿಸಿದ ರಸ್ತೆ ಅಲ್ಲ ಇದು.

ಮೂರನೇ ದಿನ ಮಾತ್ರ ಭಾವನ ಕಡೆಯ ವಾದಕ್ಕೂ ಮರ್ಯಾದೆ ಸಿಕ್ತು. 101ರಲ್ಲಿ ಸುತ್ತಿ ಬಳಸಿ ಕೇಂಬ್ರಿಯಾ ಕಡೆ ಹೋಗಿದ್ವಿ. ಹರ್ಸ್ಟ್ ಕ್ಯಾಸಲ್ ಟೂರಿಗೆ ಮಧ್ಯಾಹ್ನದ ಟಿಕೆಟ್, ಏಳು ಜನಕ್ಕೆ. ಸಮಯ ಇದೆ ಅಂತ ಅಲ್ಲಿಂದ ಐದು ಮೈಲಿಯೊಳಗೇ ಇರೋ ಪಿಯೆಡ್ರಸ್ ಬ್ಲಾಂಕಸ್‌ಗೆ ಎಲಿಫೆಂಟ್ ಸೀಲ್ ನೋಡೋಕೆ ಹೋದ್ವಿ. ಅಮ್ಮ ಕಟಾಂಜನ ಹಿಡ್ಕೊಂಡು ನಿಂತೋರು ಅಲ್ಲಾಡ್ಲೇ ಇಲ್ಲ. ಕೆಳಗೆ ಮರಳಿನ ಮೇಲೆ ಸೋಫಾ ಗಾತ್ರದ ಪ್ರಾಣಿಗಳು, ಮೈಯಿಂದ ಹಳೇ ಚರ್ಮ ಹಾಳೆ ಹಾಳೆ ಕಿತ್ತು ಬರ್ತಾ ಇದೆ. ನೀಲಿ ಜಾಕೆಟ್ಟಿನ ಸ್ವಯಂಸೇವಕಿ ಒಬ್ರು, ಅಮ್ಮನ ವಯಸ್ಸಿನವರೇ, ಬಂದು ವಿವರಿಸಿದ್ರು. ಈ ಕಾಲದಲ್ಲಿ ಇವು ದಡಕ್ಕೆ ಬಂದು ರೋಮ, ಚರ್ಮ ಎರಡೂ ಕಳಚ್ತಾವಂತೆ, ಅಲ್ಲಿಯತನಕ ಉಪವಾಸ. ಎಣ್ಣೆಗಾಗಿ ಕೊಂದು ಕೊಂದು ಒಂದು ಕಾಲಕ್ಕೆ ಮುಗಿದೇ ಹೋಯ್ತು ಅನ್ನೋ ಹಾಗಿತ್ತಂತೆ, ಈ ಬೀಚಿಗೆ ಬರೋಕೆ ಶುರು ಮಾಡಿದ್ದೇ 1990ರಲ್ಲಂತೆ. ನನ್ನ ಹೆಂಡ್ತಿ ಕನ್ನಡಕ್ಕೆ ಹೇಳ್ತಾ ಹೋದ್ಲು, ಅಮ್ಮ ಪ್ರಶ್ನೆ ಮೇಲೆ ಪ್ರಶ್ನೆ. 'ಉಪವಾಸ ಇದ್ದು ಪೊರೆ ಬಿಡ್ತಾವಾ, ಪಾಪ... ನೀರು ಕುಡೀತಾವಾ?' ಅಂತ ಬೇರೆ!

ಟೂರಿನ ಹೊತ್ತಾಯ್ತು. ಎಳ್ಕೊಂಡು ಹೋಗೋದಾ, ಟಿಕೆಟ್ ಬಿಡೋದಾ? ಎರಡೂ ಮಾಡ್ಲಿಲ್ಲ. ಭಾವ, ಅಕ್ಕ, ಪೋರ ಮೂವರನ್ನ ಕ್ಯಾಸಲ್ಲಿಗೆ ಬಿಟ್ಟು ನಾನು ವಾಪಸ್ ಬಂದೆ. ನಾಲ್ಕು ಟಿಕೆಟ್ ಹೋಯ್ತು. ಭಾವ ಅಲ್ಲಿನ ನೆಪ್ಚೂನ್ ಪೂಲ್ ನೋಡಿ ಬಂದು ಮೂರು ದಿನ ಅದನ್ನೇ ಹೊಗಳಿದ್ರು, ಅದೂ ಸರಿಯೇ, ಅವರು ಅಷ್ಟು ದೂರದಿಂದ ಅದಕ್ಕೇ ಬಂದಿದ್ದು. ಎಲ್ಲರೂ ಎಲ್ಲಾ ಕಡೆ ಒಟ್ಟಿಗೇ ಇರ್ಬೇಕು ಅನ್ನೋದೂ ನಮ್ಮ ಕುಟುಂಬಗಳ ಇನ್ನೊಂದು ಹಟ, ಅದರ ಬಗ್ಗೆ ಬೇರೆಯೇ ಬರೀಬೇಕು. ಈಗ ಭಾವ ಒರೆಗಾನ್ ಕರಾವಳಿಗೆ ಹೊಸ ಶೀಟು ಮಾಡಿದ್ದಾರೆ (ಅಲ್ಲಿ 1967ರ ಕಾಯಿದೆಯಿಂದ ಬೀಚ್‌ಗಳೆಲ್ಲಾ ಜನರಿಗೆ ಮುಕ್ತ, ನಿಲ್ಲೋಕೆ ಇನ್ನೂ ಸಲೀಸು). ಅದರಲ್ಲಿ ದಿನಕ್ಕೆರಡು ಸಾಲು ಹಳದಿ ಬಣ್ಣ ಬಳಿದು 'ಅನ್‌ಪ್ಲ್ಯಾನ್ಡ್ ಸ್ಟಾಪ್, 11:15ರಿಂದ 11:45' ಅಂತ ಹಾಕಿದ್ದಾರೆ. ಏನು ಹೇಳೋಣ!

ಇನ್ನು ನಮ್ಮ ಕಡೆಯ ಕರಾವಳಿ. ಬರೋ ಡಿಸೆಂಬರಿಗೆ ಊರಿಗೆ ಹೋದಾಗ ಹೊನ್ನಾವರಕ್ಕೆ ಇಳಿದು ಮರವಂತೆ ಮೇಲಾಸಿ ಉಡುಪಿ ತನಕ ಹೋಗೋಣ ಅಂತ ಅಪ್ಪ ಈಗಲೇ ಹೇಳ್ತಾ ಇದ್ದಾರೆ. ಒಂದು ಪಕ್ಕ ಸೌಪರ್ಣಿಕಾ, ಒಂದು ಪಕ್ಕ ಸಮುದ್ರ, ನಡುವೆ ರಸ್ತೆ, ಇಂಥದ್ದು ಬಿಗ್ ಸರ್‌ನಲ್ಲೂ ಇಲ್ಲ. ಆದ್ರೆ ನಾನು ಚಿಕ್ಕೋನಿದ್ದಾಗ ಅದು ನ್ಯಾಷನಲ್ ಹೈವೇ 17, ಎರಡು ಲೇನಿನ ರಸ್ತೆ, ಬಸ್ ಡ್ರೈವರೇ ನಿಧಾನ ಮಾಡ್ತಿದ್ದ. ಈಗ 66, ನಾಲ್ಕು ಲೇನು, ನಡುವೆ ಡಿವೈಡರು, ಹಿಂದೆ ಲಾರಿ. ಕರಾವಳಿಯವರಿಗೆ ಆ ಅಗಲದ ರಸ್ತೆ ಬೇಕಿತ್ತು, ಮಂಗಳೂರಿನ ಆಸ್ಪತ್ರೆಗೆ ಓಡೋರಿಗೆ ಒಂದೊಂದು ನಿಮಿಷಕ್ಕೂ ಬೆಲೆ ಇದೆ, ಅದರಲ್ಲಿ ಎರಡು ಮಾತಿಲ್ಲ. ಅದರ ಜೊತೆಗೇ ಹತ್ತು ಹದಿನೈದು ಕಿಲೋಮೀಟರಿಗೊಂದು ಸರಿದು ನಿಲ್ಲೋ ಜಾಗ, ಒಂದು ನೆರಳು, ಒಂದು ಬೀಗ ಹಾಕಿರದ ಟಾಯ್ಲೆಟ್ಟು ಮಾಡಿದ್ರೆ ರಸ್ತೆಯ ವೇಗವೇನೂ ಕಮ್ಮಿ ಆಗ್ತಿರಲಿಲ್ಲ. ನಮ್ಮಲ್ಲಿ ಎಡಗಡೆ ಡ್ರೈವಿಂಗ್, ಹಾಗಾಗಿ ಸಮುದ್ರ ಪಕ್ಕಕ್ಕೇ ಬೇಕು ಅಂದ್ರೆ ದಕ್ಷಿಣದಿಂದ ಉತ್ತರಕ್ಕೆ ಬರ್ಬೇಕು. ಅಪ್ಪನಿಗೆ ಹೇಳಿದೀನಿ, ಉಡುಪಿಗೆ ಮೊದಲು ಹೋಗಿಬಿಡೋಣ, ವಾಪಸ್ ಬರುವಾಗ ನಿಲ್ಲಿಸ್ತಾ ಬರೋಣ ಅಂತ.

ಅಮ್ಮ ಫೋನ್ ಇಸ್ಕೊಂಡು ಕೇಳಿದ್ದು ಒಂದೇ. 'ಅಲ್ಲಿ ಎಲ್ಲೆಲ್ಲಿ ಬಾತ್‌ರೂಮ್ ಇದೆ?' ಪಡುಬಿದ್ರಿ ಬೀಚು, ಹೊನ್ನಾವರದ ಕಾಸರಕೋಡು ಬೀಚು ಎರಡಕ್ಕೂ 2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕಿತ್ತು, ಅಲ್ಲಿ ವ್ಯವಸ್ಥೆ ಇದೆ ಅಂದೆ. 'ಪಡುಬಿದ್ರಿ ಉಡುಪಿಯಿಂದ ಆಚೆ ಆಯ್ತಲ್ಲೋ. ಉಡುಪಿ ಬಿಟ್ರೆ ಹೊನ್ನಾವರದ ತನಕ?' ಅಂದ್ರು. ಪೆಟ್ರೋಲ್ ಬಂಕುಗಳನ್ನ ಮ್ಯಾಪಿನಲ್ಲಿ ಗುರುತು ಮಾಡ್ತಾ ಇದೀನಿ. ಆ ಕಡೆಯವರು ಯಾರಾದ್ರೂ ಇದನ್ನ ಓದ್ತಿದ್ರೆ, ಕುಂದಾಪುರ ಮತ್ತು ಭಟ್ಕಳದ ನಡುವೆ ಚೊಕ್ಕವಾಗಿರೋದು ಯಾವುದು ಅಂತ ಸ್ವಲ್ಪ ತಿಳಿಸಿ.